ಮಳೆಗಾಲದಲ್ಲಿ 1/48 ಮಿಗ್-21 ಎಫ್‌ಎಲ್ ಮಾಡೆಲ್‌ಗೆ ಬರಿಲೋಹದ ಹೊಳಪು ಕೊಡುವುದು ಹೇಗೆ?

ಪಣಂಬೂರು48 (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

1963ರಲ್ಲಿ ನಮ್ಮ ವಾಯುಪಡೆಗೆ ಸೇರಿದ ಮಿಗ್-21, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಸೇವೆಯಿಂದ ನಿವೃತ್ತವಾಯಿತು. ಅಂದಿನಿಂದ ಈ ವಿಮಾನದ ಒಂದು ಒಳ್ಳೆಯ ಮಾಡೆಲ್ ಕಟ್ಟಬೇಕೆಂಬ ಆಸೆ ನನ್ನಲ್ಲಿ ಬಲವಾಗಿದೆ. 1971ರ ಯುದ್ಧದ ಹೊತ್ತಿನ ಎಫ್‌ಎಲ್ ಮಾದರಿಯನ್ನು, ಅಂದರೆ ವಾಯುಪಡೆಯಲ್ಲಿ ಟೈಪ್ 77 ಎಂದು ಕರೆಯುತ್ತಿದ್ದ ವಿಮಾನವನ್ನು, ಬಣ್ಣ ಬಳಿಯದ ಬರಿಲೋಹದ ರೂಪದಲ್ಲಿಯೇ ಮಾಡಬೇಕೆಂದುಕೊಂಡಿದ್ದೇನೆ. ಎಡ್ವರ್ಡ್ ಸಂಸ್ಥೆಯ 1/48 (ನಿಜ ಅಳತೆಯ ನಲವತ್ತೆಂಟನೇ ಒಂದು ಭಾಗ) ಮಿಗ್-21 ಪಿಎಫ್ ಕಿಟ್ ತರಿಸಿಕೊಂಡಿದ್ದೇನೆ. ಕಾಕ್‌ಪಿಟ್ ಕೆಲಸ ಮುಗಿದಿದೆ, ಆದರೆ ವಿಮಾನದ ಒಡಲಿನ ಎರಡು ಅರ್ಧಗಳನ್ನು ಇನ್ನೂ ಅಂಟಿಸಿಲ್ಲ.

ಇದುವರೆಗೆ ನಾನು ಕಟ್ಟಿದ್ದೆಲ್ಲ ಹಸಿರು, ಕಂದು ಬಣ್ಣದ ಟ್ಯಾಂಕುಗಳು ಮತ್ತು ಜೀಪುಗಳು. ಹೊಳೆಯುವ ಲೋಹದ ಹೊರಮೈ ನನಗೆ ಹೊಸದು. ಅದಕ್ಕೆ ಹೊಳಪಿನ ಕಪ್ಪು ಬಣ್ಣದ ತಳ ಬೇಕೆಂದು ತಿಳಿದು, ಪ್ಲಾಸ್ಟಿಕ್ ಚಮಚಗಳ ಮೇಲೆ ಏರ್‌ಬ್ರಶ್‌ನಿಂದ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಉಪಕರಣ) ಲ್ಯಾಕರ್ ಕಪ್ಪನ್ನು, ಅಂದರೆ ಬೇಗ ಆರುವ ದ್ರಾವಕದ ಬಣ್ಣವನ್ನು, ಹೊಡೆದು ನೋಡುತ್ತಿದ್ದೇನೆ. ಹೊಡೆದ ಒಂದೆರಡು ನಿಮಿಷಗಳಲ್ಲಿ ಅದರ ಮೇಲೆ ಬಿಳಿ ಪೊರೆ ಕಟ್ಟಿಕೊಂಡು ಹೊಳಪು ಸತ್ತುಹೋಗುತ್ತದೆ. ನಮ್ಮ ಕರಾವಳಿಯ ಮಳೆಗಾಲದ ತೇವವೇ ಇದಕ್ಕೆ ಕಾರಣವೆಂದು ಊಹಿಸಿದ್ದೇನೆ. ಸೆಪ್ಟೆಂಬರ್ ಕಳೆಯುವವರೆಗೆ ಕಾಯುವುದೊಂದೇ ದಾರಿಯೇ, ಅಥವಾ ಈಗಲೇ ಮುಂದುವರಿಯಲು ಉಪಾಯವಿದೆಯೇ? ಲೋಹಬಣ್ಣದ ಮೇಲೆ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಚಿಹ್ನೆ, ಅಕ್ಷರಗಳ ತೆಳು ಪೊರೆ) ಅಂಟಿಸುವ ಮೊದಲು ವಾರ್ನಿಷ್ ಬೇಕೇ? ಪ್ಯಾನೆಲ್ ಗೆರೆಗಳಿಗೆ, ಅಂದರೆ ಲೋಹದ ತಟ್ಟೆಗಳು ಕೂಡುವ ಗೆರೆಗಳಿಗೆ, ಕಪ್ಪು ವಾಶ್ (ಗೆರೆಗಳೊಳಗೆ ಹರಿಯುವ ತೆಳು ಬಣ್ಣ) ಹಾಕಬೇಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಬೇಕಾಗಿ ವಿನಂತಿ.

ಹಳೇ_ಏರೋಡ್ರೋಮ್

ನಮಸ್ಕಾರ. ತೇವದ ವಿಷಯವನ್ನು ಕರಾವಳಿಯಲ್ಲೇ ಇರುವ ಸದಸ್ಯರು ನನಗಿಂತ ಚೆನ್ನಾಗಿ ಹೇಳಬಲ್ಲರು. ನಾನು ಅದಕ್ಕೂ ಹಿಂದಿನ ಹಂತದ ಬಗ್ಗೆ ಬರೆಯುತ್ತೇನೆ, ಏಕೆಂದರೆ ಬರಿಲೋಹದ ಮಾಡೆಲ್‌ಗಳು ಕೆಡುವುದು ಹೆಚ್ಚಾಗಿ ಅಲ್ಲಿಯೇ. ಟ್ಯಾಂಕಿನ ಮಾಸಲು ಹಸಿರು ಬಣ್ಣ ಸಣ್ಣಪುಟ್ಟ ಗೀರುಗಳನ್ನು ಮುಚ್ಚುತ್ತದೆ, ಅದರ ಮೇಲೆ ಕೆಸರು, ಧೂಳು ಬಂದರೆ ಉಳಿದದ್ದೂ ಮರೆಯಾಗುತ್ತದೆ. ಲೋಹಬಣ್ಣ ಹಾಗಲ್ಲ. ಅದರ ಪದರ ಅತಿ ತೆಳುವಾದ್ದರಿಂದ ಅಡಿಯಲ್ಲಿ ಏನಿದೆಯೋ ಅದನ್ನೇ ಎತ್ತಿ ತೋರಿಸುತ್ತದೆ. 1/48ರಲ್ಲಿ 0.1 ಮಿಲಿಮೀಟರ್ ಅಗಲದ ಗೀರು ಎಂದರೆ ನಿಜವಾದ ವಿಮಾನದ ಮೈಮೇಲೆ ಹೆಚ್ಚುಕಡಿಮೆ ಅರ್ಧ ಸೆಂಟಿಮೀಟರ್ ಅಗಲದ ಗೀರು. ಆದ್ದರಿಂದ ಲೋಹದ ಹೊಳಪು ಬರುವುದೂ ಬಾರದಿರುವುದೂ ಬಣ್ಣದ ಬಾಟಲಿ ತೆರೆಯುವ ಮೊದಲೇ ತೀರ್ಮಾನವಾಗಿರುತ್ತದೆ.

ಮಿಗ್-21ರ ಒಡಲು ಉದ್ದವಾದ ಕೊಳವೆ. ಅರ್ಧಗಳು ಕೂಡುವ ಜೋಡಣೆಗೆರೆ ಬೆನ್ನಿನ ನಡುವೆಯೂ ಹೊಟ್ಟೆಯ ನಡುವೆಯೂ ನೇರವಾಗಿ ಓಡುತ್ತದೆ, ಬೆಳಕು ಬೀಳುವುದೂ ಬೆನ್ನಿನ ಮೇಲೆಯೇ. ಅಂಟಿಸುವಾಗ ತೆಳುವಾದ ದ್ರವ ಅಂಟನ್ನು ಬಳಸಿ. ಅರ್ಧಗಳನ್ನು ಹಿಡಿದುಕೊಂಡು ಕುಂಚದ ತುದಿಯನ್ನು ಗೆರೆಗೆ ತಾಗಿಸಿದರೆ ಸಾಕು, ಅಂಟು ತಾನಾಗಿಯೇ ಸಂದಿಯೊಳಗೆ ಹರಿಯುತ್ತದೆ. ಅದು ಪಾಲಿಸ್ಟೈರೀನನ್ನು ಕರಗಿಸಿ ಎರಡು ತುಂಡುಗಳನ್ನು ಬೆಸೆಯುತ್ತದೆಯಾದ್ದರಿಂದ, ಸ್ವಲ್ಪ ಹೊತ್ತಿನ ಬಳಿಕ ಮೆಲ್ಲಗೆ ಒತ್ತಿದಾಗ ಕರಗಿದ ಪ್ಲಾಸ್ಟಿಕ್ ಎಳೆಯಾಗಿ ಮೇಲೆ ಉಬ್ಬಿ ಬರುತ್ತದೆ. ಆ ಉಬ್ಬೇ ನಿಮ್ಮ ಅತ್ಯುತ್ತಮ ಪುಟ್ಟಿ. ಅದನ್ನು ಕನಿಷ್ಠ ಎರಡು ದಿನ ಒಣಗಲು ಬಿಟ್ಟು ಅನಂತರ ಉಜ್ಜಿರಿ. ಅವಸರಪಟ್ಟರೆ ಬಣ್ಣ ಹಚ್ಚಿದ ವಾರಗಳ ಮೇಲೆ ಜೋಡಣೆ ಕುಗ್ಗಿ ಮತ್ತೆ ಗೆರೆ ಕಾಣಿಸಿಕೊಳ್ಳುತ್ತದೆ. ಉಳಿದ ಸಣ್ಣ ತಗ್ಗುಗಳಿಗೆ ಸೂಪರ್ ಗ್ಲೂ ಹಚ್ಚಬಹುದು, ಆದರೆ ಅದು ಪೂರ್ತಿ ಗಟ್ಟಿಯಾದ ಮೇಲೆ ಸುತ್ತಲಿನ ಪ್ಲಾಸ್ಟಿಕ್‌ಗಿಂತ ಕಠಿಣವಾಗುವುದರಿಂದ ಅದೇ ದಿನ, ಸಾಧ್ಯವಾದರೆ ಒಂದು ಗಂಟೆಯೊಳಗೆ ಉಜ್ಜಿ ಸಮ ಮಾಡಿ.

ಉಜ್ಜುವುದಕ್ಕೆ ಪೇಂಟ್ ಅಂಗಡಿಯಲ್ಲಿ ಸಿಗುವ ವಾಟರ್ ಪೇಪರ್ ಸಾಕು. 600ರಿಂದ ಆರಂಭಿಸಿ 1000, 1500, 2000 ಎಂದು ನೀರು ಹಾಕಿಕೊಂಡೇ ಮುಂದುವರಿಯಿರಿ. ಪ್ರತಿ ಹಂತದಲ್ಲೂ ಹಿಂದಿನ ಕಾಗದದ ಗೀರುಗಳು ಪೂರ್ತಿ ಹೋದವೇ ಎಂದು ನೋಡದೆ ಮುಂದಿನ ಕಾಗದ ಹಿಡಿಯಬೇಡಿ. ಅನಂತರ ಮಿಸ್ಟರ್ ಸರ್ಫೇಸರ್ 1500ರಂತಹ ನಯವಾದ ಪ್ರೈಮರ್, ಅದರ ಮೇಲೆ ಮತ್ತೊಮ್ಮೆ 2000ದ ಕಾಗದದಿಂದ ಹಗುರ ಉಜ್ಜು, ಆಮೇಲೆ ಕಪ್ಪು.

ಕಪ್ಪು ಒಣಗಿದ ಮೇಲೆ ನಾನು ತಪ್ಪದೆ ಮಾಡುವ ಪರೀಕ್ಷೆಯೊಂದಿದೆ. ಒಡಲನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದರೆ ಬೆನ್ನಿನ ಉದ್ದಕ್ಕೂ ದೀಪದ ಪ್ರತಿಬಿಂಬ ಒಂದು ಬಿಳಿ ಎಳೆಯಾಗಿ ಕಾಣುತ್ತದೆ. ಒಡಲನ್ನು ನಿಧಾನವಾಗಿ ತಿರುಗಿಸುತ್ತ ಹೋಗಿ. ಆ ಎಳೆ ಜೋಡಣೆಯನ್ನು ದಾಟುವಾಗ ಮುರಿಯದೆ, ನಡುಗದೆ, ದಪ್ಪವಾಗದೆ ಸರಿದರೆ ಮೈ ಸಿದ್ಧವಾಗಿದೆ ಎಂದರ್ಥ. ಎಲ್ಲಿ ಅದು ಕೊಂಕುತ್ತದೆಯೋ ಅಲ್ಲಿ ತಗ್ಗಿದೆ. ಎಲ್ಲಿ ಅಂಚು ಒಡೆದು ಮಸುಕಾಗುತ್ತದೆಯೋ ಅಲ್ಲಿ ಗೀರುಗಳು ಉಳಿದಿವೆ. ಬೆರಳಿಗೆ ತಿಳಿಯದ ದೋಷ ಈ ಬೆಳಕಿನಲ್ಲಿ ತಿಳಿಯುತ್ತದೆ.

ಕುಂದಾಪುರ_ಕಾರ್ಯಾಗಾರ

ಪಣಂಬೂರು48 ಅವರೇ, ನಿಮ್ಮ ಊಹೆ ಸರಿ. ಲ್ಯಾಕರಿನ ತಿನ್ನರ್ (ಬಣ್ಣ ತೆಳು ಮಾಡುವ ದ್ರವ) ಬೇಗ ಆವಿಯಾಗುವಾಗ ಮೇಲ್ಮೈಯ ಶಾಖವನ್ನು ಎಳೆದುಕೊಂಡು ಅದನ್ನು ತಂಪಾಗಿಸುತ್ತದೆ. ತಣ್ಣೀರಿನ ಲೋಟದ ಹೊರಗೆ ಹನಿಗಟ್ಟುವಂತೆ, ಗಾಳಿಯ ತೇವ ಆ ತಂಪಾದ ಹಸಿ ಬಣ್ಣದ ಮೇಲೆ ಇಳಿದು ಅದರೊಳಗೆ ಸಿಕ್ಕಿಕೊಳ್ಳುತ್ತದೆ. ನಿಮಗೆ ಕಾಣುವ ಬಿಳಿ ಪೊರೆ ಅದೇ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ತೇವಾಂಶ ಶೇಕಡಾ 80ಕ್ಕಿಂತ ಕೆಳಗೆ ಇಳಿಯುವುದೇ ಅಪರೂಪವಾದ್ದರಿಂದ, ಬಯಲುಸೀಮೆಯವರು ಕೊಡುವ ಅಳತೆಗಳು ಇಲ್ಲಿ ಹಾಗೆಯೇ ನಡೆಯುವುದಿಲ್ಲ. ಆದರೆ ನಾಲ್ಕು ತಿಂಗಳು ಕೈಕಟ್ಟಿ ಕೂರಬೇಕಾಗಿಯೂ ಇಲ್ಲ.

ಮೊದಲು ತಿನ್ನರ್ ಬದಲಿಸಿ. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ತಿನ್ನರ್ ಏರ್‌ಬ್ರಶ್ ತೊಳೆಯಲು ಒಳ್ಳೆಯದು, ಬಣ್ಣಕ್ಕೆ ಬೆರೆಸಲು ಅಲ್ಲ. ಅದು ತೀರಾ ಬೇಗ ಆರುತ್ತದೆ, ಪ್ಲಾಸ್ಟಿಕ್ಕನ್ನೂ ಕಚ್ಚುತ್ತದೆ. ಮಿಸ್ಟರ್ ಕಲರ್ ಲೆವೆಲಿಂಗ್ ತಿನ್ನರ್‌ನಲ್ಲಿ ಒಣಗುವಿಕೆಯನ್ನು ನಿಧಾನಗೊಳಿಸುವ ರಿಟಾರ್ಡರ್ ಮೊದಲೇ ಸೇರಿರುತ್ತದೆ. ಆರುವುದು ತಡವಾದಷ್ಟೂ ಮೇಲ್ಮೈ ತಂಪಾಗುವುದು ಕಡಿಮೆ, ಸಿಕ್ಕಿದ ತೇವ ಹೊರಗೆ ಹೋಗಲು ಸಿಗುವ ಸಮಯವೂ ಹೆಚ್ಚು. ಮೆಡಿಕಲ್ ಅಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಟಮಿಯಾ ಅಕ್ರಿಲಿಕ್ ಬಣ್ಣಗಳನ್ನು ತೆಳು ಮಾಡುವವರು ಬಹಳ ಮಂದಿ ಇದ್ದಾರೆ. ಬೇಸಗೆಯಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ, ಆದರೆ ಅದೂ ಬೇಗ ಆರುವ ದ್ರವವಾದ್ದರಿಂದ ಹೊಳಪಿನ ಕಪ್ಪಿಗೆ ಮಳೆಗಾಲದಲ್ಲಿ ನಾನು ಶಿಫಾರಸು ಮಾಡುವುದಿಲ್ಲ.

ಎರಡನೆಯದು ಕಂಪ್ರೆಸರ್. ಅದು ತೇವದ ಗಾಳಿಯನ್ನು ಒತ್ತಿ ಬಿಸಿಮಾಡುತ್ತದೆ, ಆ ಗಾಳಿ ಪೈಪಿನಲ್ಲಿ ಹಾಯುತ್ತ ತಣಿದಾಗ ನೀರಾಗುತ್ತದೆ. ಟ್ಯಾಂಕ್ ಇರುವ ಕಂಪ್ರೆಸರ್ ಆದರೆ ಕೆಲಸ ಆರಂಭಿಸುವ ಮೊದಲು ಕೆಳಗಿನ ತಿರುಪನ್ನು ಸಡಿಲಿಸಿ ನೀರು ಬಸಿಯಿರಿ. ರೆಗ್ಯುಲೇಟರಿನ ಬಳಿಯ ಮಾಯಿಶ್ಚರ್ ಟ್ರ್ಯಾಪ್ ಒಂದನ್ನೇ ನಂಬದೆ, ಏರ್‌ಬ್ರಶ್‌ನ ಬುಡಕ್ಕೆ ಸಿಕ್ಕಿಸುವ ಚಿಕ್ಕ ಟ್ರ್ಯಾಪ್ ಒಂದನ್ನು ಸೇರಿಸಿಕೊಳ್ಳಿ. ಪೈಪಿನಲ್ಲಿ ತಣಿದ ನೀರನ್ನು ಹಿಡಿಯುವುದು ಅದೇ. ಮೊದಲು ಒಂದು ಕಾಗದದ ಮೇಲೆ ಬರಿ ಗಾಳಿ ಬಿಟ್ಟು ನೋಡಿ, ಕಾಗದ ಒದ್ದೆಯಾಗಬಾರದು.

ಮೂರನೆಯದು ಕೋಣೆ. ಎಸಿ ಇದ್ದರೆ ಅದರ ಡ್ರೈ ಮೋಡ್ ಹಾಕಿ, ಒಂದು ಚಿಕ್ಕ ಡಿಜಿಟಲ್ ತೇವಮಾಪಕವನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ. ಅದು 60ರ ಆಸುಪಾಸಿಗೆ ಇಳಿದ ಮೇಲೆ ಬಣ್ಣ ಹೊಡೆಯಿರಿ. ಆದರೆ ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಲ್ಯಾಕರ್ ಹೊಡೆಯುವುದು ಆರೋಗ್ಯಕ್ಕೂ ಅಪಾಯ, ಬೆಂಕಿಗೂ ಅಪಾಯ. ಆವಿಯನ್ನು ಹೊರಗೆ ತಳ್ಳುವ ಎಕ್ಸಾಸ್ಟ್ ಇರುವ ಸ್ಪ್ರೇ ಬೂತ್ ಮತ್ತು ಸಾವಯವ ಆವಿಯನ್ನು ಹೀರುವ ಕಾರ್ಟ್ರಿಜ್ ಉಳ್ಳ ಮಾಸ್ಕ್ ಇಲ್ಲದೆ ಹಾಗೆ ಮಾಡಲೇಬೇಡಿ. ಧೂಳಿನ ಬಟ್ಟೆ ಮಾಸ್ಕ್ ತಿನ್ನರ್ ಆವಿಯನ್ನು ತಡೆಯುವುದಿಲ್ಲ. ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇದ್ದರೆ ಇದು ಇನ್ನೂ ಮುಖ್ಯ.

ಈಗಾಗಲೇ ಬಿಳಿ ಪೊರೆ ಕಟ್ಟಿದ ಕಪ್ಪಿನ ಮೇಲೆ ಬರಿ ಲೆವೆಲಿಂಗ್ ತಿನ್ನರನ್ನು ತೀರಾ ಹಗುರವಾಗಿ ಹೊಡೆದರೆ ಪದರ ಮತ್ತೆ ಸಡಿಲಗೊಂಡು ತೇವ ಹೊರಬಂದು ಹೊಳಪು ಮರಳುವುದುಂಟು. ಚಮಚದ ಮೇಲೆ ನೋಡಿಯೇ ಮಾಡಿ. ಲೋಹಬಣ್ಣದ ಮೇಲೆ ಮಾತ್ರ ಈ ಉಪಾಯ ಬೇಡ, ಅದರ ಕಣಗಳು ಕದಡಿ ಕಲೆಯಾಗುತ್ತವೆ.

ಮಲೆನಾಡ_ಹಕ್ಕಿ

ಮೇಲಿನ ಇಬ್ಬರೂ ಲ್ಯಾಕರನ್ನೇ ಗಟ್ಟಿಯಾಗಿ ಹಿಡಿದಿರುವುದರಿಂದ ನಾನು ಬೇರೆ ದಾರಿಯ ಪರವಾಗಿ ಬರೆಯಬೇಕಾಗಿದೆ. ನಮ್ಮ ತೀರ್ಥಹಳ್ಳಿಯ ಮಳೆಯೂ ಕರಾವಳಿಯ ಮಳೆಗೆ ಕಡಿಮೆಯಲ್ಲ, ಮನೆಯಲ್ಲಿ ಪ್ರತ್ಯೇಕ ಕೋಣೆಯೂ ಇಲ್ಲ. ನಾನು ವಯೆಹೊ ಸಂಸ್ಥೆಯ ಮೆಟಲ್ ಕಲರ್ ಸರಣಿಯ ನೀರಿನ ಆಧಾರದ ಬಣ್ಣಗಳನ್ನು ಬಳಸುತ್ತೇನೆ. ನೀರು ನಿಧಾನವಾಗಿ ಆರುವುದರಿಂದ ಬಿಳಿ ಪೊರೆಯ ಸಮಸ್ಯೆಯೇ ಬರುವುದಿಲ್ಲ, ವಾಸನೆ ಇಲ್ಲವೆನ್ನುವಷ್ಟು ಕಡಿಮೆ, ಬಾಟಲಿಯಿಂದ ನೇರವಾಗಿ ಏರ್‌ಬ್ರಶ್‌ಗೆ ಸುರಿಯಬಹುದು. ಕಾರ್ಗೊದಲ್ಲಿ ಲ್ಯಾಕರ್ ತಿನ್ನರ್ ತರಿಸುವುದು ಕಷ್ಟವಾಗಿರುವಾಗ ಇದೂ ಒಂದು ಅನುಕೂಲ.

ಆಲ್‌ಕ್ಲ್ಯಾಡ್‌ನಂತಹ ಲ್ಯಾಕರ್ ಲೋಹಬಣ್ಣದ ಕನ್ನಡಿ ಹೊಳಪು ಇದಕ್ಕೆ ಬರುವುದಿಲ್ಲವೆಂಬುದು ನಿಜ. ಆದರೆ ನಮಗೆ ಕನ್ನಡಿ ಹೊಳಪು ಬೇಕೇ ಎಂಬುದನ್ನು ಯೋಚಿಸಿ. 1971ರ ಡಿಸೆಂಬರ್‌ನಲ್ಲಿ ಮುಂಚೂಣಿಯ ನೆಲೆಗಳಲ್ಲಿ ಬಯಲಲ್ಲಿ ನಿಂತು ದಿನಕ್ಕೆ ಹಲವು ಬಾರಿ ಹಾರುತ್ತಿದ್ದ ವಿಮಾನಗಳ ಚಿತ್ರಗಳನ್ನು ನೋಡಿದರೆ, ಅವುಗಳ ಅಲ್ಯುಮಿನಿಯಂ ಮೈ ಬೂದುಬಣ್ಣಕ್ಕೆ ತಿರುಗಿ, ತಟ್ಟೆಯಿಂದ ತಟ್ಟೆಗೆ ಛಾಯೆ ಬೇರೆಯಾಗಿ ಕಾಣುತ್ತದೆ. ಕೆಲವು ಮಿಗ್‌ಗಳಿಗೆ ಆಗ ಅವಸರದಲ್ಲಿ ಹಸಿರು ಬಣ್ಣವನ್ನೂ ಬಳಿದಿದ್ದರು. ಪ್ರದರ್ಶನ ಹಾರಾಟದ ವಿಮಾನವನ್ನು ಮಾಡುವುದಾದರೆ ಕನ್ನಡಿ ಹೊಳಪು ಸರಿ, ಯುದ್ಧದ ದಿನಗಳ ವಿಮಾನಕ್ಕೆ ತುಸು ಮಂದವಾದ ಲೋಹವೇ ಸತ್ಯಕ್ಕೆ ಹತ್ತಿರ. ಒಡಲಿಗೆಲ್ಲ ಅಲ್ಯುಮಿನಿಯಂ ಹೊಡೆದು, ಕೆಲವು ತಟ್ಟೆಗಳನ್ನು ಮಾತ್ರ ಟೇಪಿನಿಂದ ಬಿಟ್ಟು ಸುತ್ತ ಮರೆಮಾಡಿ, ಅದೇ ಬಣ್ಣಕ್ಕೆ ಡ್ಯುರಾಲ್ಯುಮಿನಿಯಂ ಅಥವಾ ಗಾಢ ಅಲ್ಯುಮಿನಿಯಂ ತುಸು ಬೆರೆಸಿ ಹೊಡೆಯಿರಿ. ವ್ಯತ್ಯಾಸ ಕಂಡೂ ಕಾಣದಂತಿರಬೇಕು. ಬಾಲದ ತುದಿಯಲ್ಲಿ ಜೆಟ್ ಪೈಪಿನ ಸುತ್ತಲಿನ ಭಾಗ ಶಾಖಕ್ಕೆ ಬಣ್ಣಗೆಟ್ಟಿರುವುದರಿಂದ ಅಲ್ಲಿ ಮಾತ್ರ ಧೈರ್ಯವಾಗಿ ಗಾಢ ಛಾಯೆ ಕೊಡಬಹುದು. ಟೇಪನ್ನು ಮೊದಲು ಅಂಗೈಗೆ ಒಂದೆರಡು ಬಾರಿ ಅಂಟಿಸಿ ತೆಗೆದು ಅದರ ಹಿಡಿತ ಕಡಿಮೆ ಮಾಡಿಕೊಳ್ಳಿ, ಇಲ್ಲದಿದ್ದರೆ ನೀರಿನ ಬಣ್ಣ ಟೇಪಿನ ಜೊತೆ ಎದ್ದುಬರುತ್ತದೆ.

ಪ್ಯಾನೆಲ್ ಗೆರೆಗಳ ಬಗ್ಗೆಯೂ ಕೇಳಿದ್ದೀರಿ. ದಯವಿಟ್ಟು ಅಪ್ಪಟ ಕಪ್ಪು ಹಾಕಬೇಡಿ. ಕಿಟ್‌ನಲ್ಲಿ ಕೊರೆದ ಗೆರೆ 0.2 ಮಿಲಿಮೀಟರ್ ಅಗಲವಿದ್ದರೂ ನಿಜವಾದ ವಿಮಾನದಲ್ಲಿ ಅದು ಸುಮಾರು ಒಂದು ಸೆಂಟಿಮೀಟರ್ ಸಂದಿ ಎಂದಾಗುತ್ತದೆ, ಅಷ್ಟು ಸಂದಿ ಬಿಟ್ಟುಕೊಂಡು ಯಾವ ಯುದ್ಧವಿಮಾನವೂ ಹಾರುವುದಿಲ್ಲ. ಗೆರೆ ಈಗಾಗಲೇ ಅಳತೆ ಮೀರಿದೆ, ಅದಕ್ಕೆ ಕಪ್ಪನ್ನೂ ತುಂಬಿದರೆ ವಿಮಾನ ಇಟ್ಟಿಗೆ ಗೋಡೆಯಾಗಿ ಕಾಣುತ್ತದೆ. ಲೋಹಕ್ಕಿಂತ ಒಂದೆರಡು ಛಾಯೆ ಗಾಢವಾದ ಬೂದು ವಾಶ್ ಸಾಕು. ತೆರೆದು ಮುಚ್ಚುವ ಅಥವಾ ಚಲಿಸುವ ಭಾಗಗಳಾದ ಏಲರಾನ್, ಫ್ಲಾಪ್, ರಡ್ಡರ್, ಏರ್‌ಬ್ರೇಕ್‌ಗಳ ಅಂಚಿಗೆ ಮಾತ್ರ ಸ್ವಲ್ಪ ಹೆಚ್ಚು ಗಾಢ ಇರಲಿ.

ಹಳೇ_ಏರೋಡ್ರೋಮ್

ಮಲೆನಾಡ_ಹಕ್ಕಿ ಅವರ ಮಾತನ್ನು ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ನೀರಿನ ಲೋಹಬಣ್ಣವಾದರೂ ಅಡಿಯ ಮೈ ನಯವಾಗಿರಲೇಬೇಕು. ಮಂದ ಹೊಳಪು ಬೇರೆ, ಗೀರುಗಳಿಂದ ಮಂಕಾದ ಮೈ ಬೇರೆ. ಟ್ಯೂಬ್‌ಲೈಟಿನ ಪರೀಕ್ಷೆ ಎರಡಕ್ಕೂ ಒಂದೇ.

ರಿವೆಟ್_ಓದುಗ

ತಡವಾಗಿ ಬರೆಯುತ್ತಿದ್ದೇನೆ, ಆದರೆ ಒಡಲನ್ನು ಇನ್ನೂ ಅಂಟಿಸಿಲ್ಲವೆಂದು ಓದಿ ಸಮಾಧಾನವಾಯಿತು, ಏಕೆಂದರೆ ನೀವು ಮಾಡಹೊರಟಿರುವುದು ಎಫ್‌ಎಲ್, ನಿಮ್ಮ ಕೈಯಲ್ಲಿರುವುದು ಪಿಎಫ್ ಕಿಟ್. ಎಫ್‌ಎಲ್ ಹುಟ್ಟಿದ್ದು ಕೊನೆಯ ಕಾಲದ ಪಿಎಫ್‌ನಿಂದ. ಮೊದಮೊದಲ ಪಿಎಫ್‌ಗಳಲ್ಲಿ ಬಾಲದ ನೆಟ್ಟನೆಯ ರೆಕ್ಕೆ ಕಿರಿದಾಗಿತ್ತು, ಬ್ರೇಕ್ ಪ್ಯಾರಾಚೂಟ್ ಒಡಲಿನ ಹಿಂಭಾಗದ ಕೆಳಗಡೆ ಇತ್ತು. ಎಫ್‌ಎಲ್‌ನಲ್ಲಿ ಆ ರೆಕ್ಕೆ ಅಗಲ, ಪ್ಯಾರಾಚೂಟ್ ಇರುವುದು ರಡ್ಡರಿನ ಬುಡದಲ್ಲಿ, ಜೆಟ್ ಪೈಪಿನ ಮೇಲಿನ ಕೊಳವೆಯಲ್ಲಿ. ಕಿಟ್‌ನ ತುಂಡುಗಳನ್ನು ಒಣದಾಗಿ ಜೋಡಿಸಿ ಫೋಟೊ ಪಕ್ಕದಲ್ಲಿ ಹಿಡಿದು ಈ ಎರಡನ್ನೂ ಮೊದಲು ಖಚಿತಪಡಿಸಿಕೊಳ್ಳಿ. ಕ್ಯಾನೊಪಿಯ ಮಟ್ಟಿಗೆ ನೀವು ಪಿಎಫ್ ಆರಿಸಿದ್ದು ಒಳ್ಳೆಯದಾಯಿತು. ಎಫ್‌ಎಲ್‌ನಲ್ಲೂ ಅದು ಒಂದೇ ತುಂಡಾಗಿ ಮುಂದಕ್ಕೆ ತೆರೆದುಕೊಳ್ಳುತ್ತದೆ, ಪಿಎಫ್‌ಎಂನಿಂದ ಮುಂದಿನ ಮಾದರಿಗಳಲ್ಲಿ ಪಕ್ಕಕ್ಕೆ ತೆರೆಯುತ್ತದೆ.

ಎಫ್‌ಎಲ್‌ಗೆ ಒಳಗೆ ಫಿರಂಗಿ ಇರಲಿಲ್ಲ. ಹೊಟ್ಟೆಯಡಿಯಲ್ಲಿ ಜಿಪಿ-9 ಎಂಬ ತೊಟ್ಟಿಲಿನಲ್ಲಿ 23 ಮಿಲಿಮೀಟರ್ ಅವಳಿ ನಳಿಗೆಯ ಫಿರಂಗಿ ತೂಗುಹಾಕುತ್ತಿದ್ದರು. 1971ರ ಡಿಸೆಂಬರ್ 12ರಂದು ಕಚ್ ಕೊಲ್ಲಿಯ ಕಡೆ ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರನ್ನು ಎದುರಿಸಿದ್ದು ಎಫ್‌ಎಲ್. ಡಿಸೆಂಬರ್ 14ರಂದು ಢಾಕಾದ ಗವರ್ನರ್ ನಿವಾಸದ ಮೇಲೆ ಮಿಗ್-21ಗಳು ಹಾರಿಸಿದ್ದು 57 ಮಿಲಿಮೀಟರ್ ರಾಕೆಟ್‌ಗಳನ್ನು. ನೀವು ಯಾವ ದಿನದ, ಯಾವ ನೆಲೆಯ ವಿಮಾನ ಮಾಡುತ್ತೀರೆಂಬುದನ್ನು ಮೊದಲು ನಿರ್ಧರಿಸಿದರೆ ರೆಕ್ಕೆಯಡಿ ಏನು ತೂಗಬೇಕೆಂಬುದು ಅದರಿಂದಲೇ ತೀರ್ಮಾನವಾಗುತ್ತದೆ. ಕ್ಷಿಪಣಿ, ರಾಕೆಟ್, ಹೆಚ್ಚುವರಿ ಟ್ಯಾಂಕ್ ಎಲ್ಲವನ್ನೂ ಒಂದೇ ವಿಮಾನಕ್ಕೆ ತಗಲಿಸಿದ ಮಾಡೆಲ್‌ಗಳನ್ನು ನೋಡಿದಾಗ ನನಗೆ ಬೇಸರವಾಗುತ್ತದೆ.

ಬೆಂಗಳೂರಿಗೆ ಬರುವವರಿದ್ದರೆ ಹಳೆಯ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಅರ್ಧ ದಿನ ಕಳೆಯಿರಿ. ಅಲ್ಲಿರುವ ವಿಮಾನಗಳಿಗೆ ಮತ್ತೆ ಮತ್ತೆ ಬಣ್ಣ ಬಳಿದಿರುವುದರಿಂದ ಬಣ್ಣಕ್ಕಾಗಿ ಅವನ್ನು ನಂಬಬಾರದು. ಆದರೆ ರಿವೆಟ್‌ಗಳ ಸಾಲು, ಚಕ್ರದ ಗೂಡಿನೊಳಗಿನ ಪೈಪುಗಳು, ತಟ್ಟೆಗಳ ಅಂಚು ಎಷ್ಟು ಬಿಗಿಯಾಗಿ ಕೂಡಿರುತ್ತದೆಂಬುದನ್ನು ಹತ್ತಿರದಿಂದ ನೋಡಿದವರು ಆಮೇಲೆ ಗೆರೆಗಳಿಗೆ ಕಪ್ಪು ತುಂಬುವುದಿಲ್ಲ.

ಇನ್ನು ಡೆಕಾಲ್. ಒರಟು ಮೈಯ ಸಣ್ಣ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡಾಗ ಪಾರದರ್ಶಕ ಪೊರೆಯ ಅಡಿ ಬೆಳ್ಳಗೆ ಮಿಂಚುತ್ತದೆ. ಮೈ ನಿಜಕ್ಕೂ ನಯವಾಗಿದ್ದು ಲ್ಯಾಕರ್ ಲೋಹಬಣ್ಣವಾಗಿದ್ದರೆ ವಾರ್ನಿಷ್ ಇಲ್ಲದೆಯೇ ನೇರವಾಗಿ ಡೆಕಾಲ್ ಅಂಟಿಸಬಹುದು. ಇಡೀ ವಿಮಾನಕ್ಕೆ ವಾರ್ನಿಷ್ ಬಳಿದರೆ ಲೋಹದ ಜೀವ ಹೋಗಿ ಬೆಳ್ಳಿ ಬಣ್ಣ ಬಳಿದಂತೆ ಕಾಣುತ್ತದೆ. ನೀರಿನ ಬಣ್ಣವಾದರೆ ಡೆಕಾಲ್ ಕೂರುವ ಜಾಗಕ್ಕೆ ಮಾತ್ರ ಹೊಳಪಿನ ವಾರ್ನಿಷ್ ಹಗುರವಾಗಿ ಹೊಡೆಯಿರಿ. ಪಾರದರ್ಶಕ ಅಂಚನ್ನು ಹೊಸ ಬ್ಲೇಡಿನಿಂದ ಅಕ್ಷರಕ್ಕೆ ಹತ್ತಿರವಾಗಿ ಕತ್ತರಿಸಿ, ಮೈಕ್ರೊ ಸೆಟ್ (ಡೆಕಾಲ್ ಅಂಟಲು ನೆರವಾಗುವ ದ್ರವ) ಹಚ್ಚಿದ ಜಾಗಕ್ಕೆ ಡೆಕಾಲ್ ಜಾರಿಸಿ, ನೀರನ್ನು ನಡುವಿನಿಂದ ಅಂಚಿಗೆ ಒತ್ತಿ ತೆಗೆದ ಮೇಲೆ ಮೈಕ್ರೊ ಸಾಲ್ (ಡೆಕಾಲನ್ನು ಮೆದುಗೊಳಿಸುವ ದ್ರವ) ಹಚ್ಚಿ. ಅದು ಹಚ್ಚಿದ ಕೂಡಲೇ ಡೆಕಾಲ್ ಸುಕ್ಕುಗಟ್ಟುತ್ತದೆ. ಗಾಬರಿಯಾಗಿ ಮುಟ್ಟಬೇಡಿ, ಆರಿದಾಗ ತಾನಾಗಿಯೇ ಗೆರೆಗಳೊಳಗೆ ಇಳಿದು ಕೂರುತ್ತದೆ. ನಮ್ಮ ವಾಯುಪಡೆಯ ವೃತ್ತಚಿಹ್ನೆಯ ನಡುವಿನ ಬಿಳಿ ಪಟ್ಟಿ ಕೆಲವು ಹಾಳೆಗಳಲ್ಲಿ ತೆಳುವಾಗಿದ್ದು ಅಡಿಯ ಲೋಹ ಇಣುಕಿ ಬೂದಾಗಿ ಕಾಣುತ್ತದೆ. ಹಾಗಿದ್ದರೆ ಚಿಹ್ನೆಗಿಂತ ಕೂದಲೆಳೆಯಷ್ಟು ಚಿಕ್ಕದಾದ ಬಿಳಿ ವೃತ್ತವನ್ನು ಮೊದಲು ಟೇಪಿನ ಮರೆಯಲ್ಲಿ ಹೊಡೆದುಕೊಳ್ಳಿ.

ಪಣಂಬೂರು48

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಬಾಲದ ರೆಕ್ಕೆ ಮತ್ತು ಪ್ಯಾರಾಚೂಟ್ ಕೊಳವೆಯನ್ನು ಇಂದೇ ಫೋಟೊ ಜೊತೆ ಹೋಲಿಸಿ ನೋಡುತ್ತೇನೆ. ಕೋಣೆಗೆ ಎಕ್ಸಾಸ್ಟ್ ಸದ್ಯಕ್ಕೆ ಇಲ್ಲದಿರುವುದರಿಂದ ಮಲೆನಾಡ_ಹಕ್ಕಿ ಅವರ ನೀರಿನ ಬಣ್ಣದ ದಾರಿಯನ್ನೇ ಹಿಡಿಯುತ್ತೇನೆ, ಯುದ್ಧದ ದಿನಗಳ ಮಂದ ಲೋಹವೇ ನನಗೂ ಬೇಕಾದದ್ದು. ಕೊನೆಯದಾಗಿ ಇನ್ನೊಂದು ಸಂದೇಹವಿದೆ. ಮೂತಿಯ ಮೇಲಿನ ಉದ್ದನೆಯ ಪಿಟೊ ಕೊಳವೆ (ವಿಮಾನದ ವೇಗ ಅಳೆಯುವ ಕೊಳವೆ) ಕಿಟ್‌ನಲ್ಲಿ ಪ್ಲಾಸ್ಟಿಕ್ಕಿನದು. ಇಷ್ಟೆಲ್ಲ ಉಜ್ಜಿ, ತೊಳೆದು, ಹಿಡಿದಾಡುವಾಗ ಅದು ಮುರಿಯದೆ ಉಳಿಯುತ್ತದೆಯೇ?

ರಿವೆಟ್_ಓದುಗ

ಉಳಿಯುವುದು ಕಷ್ಟ, ಆದ್ದರಿಂದ ಅದನ್ನು ಈಗಲೇ ಬೇರ್ಪಡಿಸಿ ಲೋಹದ್ದನ್ನು ಮಾಡಿಕೊಳ್ಳಿ. ಮೆಡಿಕಲ್ ಅಂಗಡಿಯ ಇಂಜೆಕ್ಷನ್ ಸೂಜಿಗಳೇ ಸಾಕು. 21 ಗೇಜ್ ಸೂಜಿಯ ಹೊರವ್ಯಾಸ 0.8 ಮಿಲಿಮೀಟರ್, 26 ಗೇಜಿನದು 0.46. ಎರಡನೆಯದು ಮೊದಲನೆಯದರೊಳಗೆ ಸರಿಯಾಗಿ ತೂರುವುದರಿಂದ ಬುಡ ದಪ್ಪ, ತುದಿ ಸಣ್ಣ ಇರುವ ಕೊಳವೆ ತಾನಾಗಿ ಸಿಗುತ್ತದೆ. ಸೂಜಿಯ ಓರೆ ಮೊನೆಯನ್ನು ಅರದಿಂದ ತೇಯ್ದು ಚಪ್ಪಟೆ ಮಾಡಿ, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಕತ್ತರಿಸಿ. ಮೂತಿಯಲ್ಲಿ 0.8 ಮಿಲಿಮೀಟರ್ ತೂತನ್ನು ಒಡಲು ಅಂಟಿಸಿದ ಕೂಡಲೇ ಕೊರೆದಿಟ್ಟುಕೊಳ್ಳಿ. ಅದೇ ಹೊತ್ತಿಗೆ ಮಾಡೆಲ್ ಬಾಲದ ಮೇಲೆ ಕೂರುವ ಸೂಚನೆ ಕಂಡರೆ ಗಾಳಿಕಿಂಡಿಯ ನಡುವಿನ ಶಂಕುವಿನೊಳಗೆ ಸೀಸದ ಚೂರುಗಳನ್ನು ತುಂಬಲು ಮರೆಯಬೇಡಿ, ಶಂಕು ಮುಚ್ಚಿದ ಮೇಲೆ ಆ ಅವಕಾಶವಿಲ್ಲ. ಕೊಳವೆಯನ್ನು ಮಾತ್ರ ಡೆಕಾಲ್, ವಾಶ್ ಎಲ್ಲ ಮುಗಿದ ಮೇಲೆ ಒಂದು ತೊಟ್ಟು ಸೂಪರ್ ಗ್ಲೂನಿಂದ ಸಿಕ್ಕಿಸಿ.